ವಿದ್ಯುತ್ ಗಿಟಾರಿನ ಕುತ್ತಿಗೆ ಜೋಡಣೆ

ವಿದ್ಯುತ್ ಗಿಟಾರಿನ ಕುತ್ತಿಗೆ ಜೋಡಣೆ ಎಂಬುದು ಆ ವಾದ್ಯದ ಕುತ್ತಿಗೆಯನ್ನು, ಅಂದರೆ ಸಾಮಾನ್ಯವಾಗಿ ಎಡಗೈ ಬೆರಳುಗಳು ಓಡಾಡುವ ಉದ್ದನೆಯ ಭಾಗವನ್ನು, ಒಡಲಿಗೆ ಸೇರಿಸುವ ವಿಧಾನವಾಗಿದೆ. ಗಟ್ಟಿ ಮರದ ಒಡಲುಳ್ಳ ಗಿಟಾರುಗಳಲ್ಲಿ ಇದಕ್ಕೆ ಮೂರು ವಿಧಾನಗಳು ಬಳಕೆಯಲ್ಲಿವೆ: ಕುತ್ತಿಗೆಯನ್ನು ಸ್ಕ್ರೂಗಳಿಂದ ಬಿಗಿಯುವ ಬೋಲ್ಟ್-ಆನ್ ವಿಧಾನ, ಅಂಟು ಹಾಕಿ ಶಾಶ್ವತವಾಗಿ ಕೂಡಿಸುವ ಸೆಟ್-ನೆಕ್ ವಿಧಾನ, ಮತ್ತು ಕುತ್ತಿಗೆಯ ಮರವೇ ಒಡಲಿನ ನಡುವೆ ಕೊನೆಯವರೆಗೂ ಸಾಗಿಬರುವ ನೆಕ್-ಥ್ರೂ ವಿಧಾನ. ಇವುಗಳಲ್ಲಿ ಯಾವುದು ಉತ್ತಮ ಎಂಬುದು ವಾದಕರಲ್ಲಿಯೂ ತಯಾರಕರಲ್ಲಿಯೂ ಅರ್ಧ ಶತಮಾನವನ್ನು ಮೀರಿದ ಚರ್ಚೆ. ಚರ್ಚೆಯ ಬಹುಪಾಲು ನಾದದ ಕುರಿತಾಗಿಯೇ ನಡೆದಿದೆಯಾದರೂ, ಈ ವಿಧಾನಗಳ ಹುಟ್ಟಿಗೂ ಉಳಿವಿಗೂ ತಯಾರಿಕೆಯ ವೆಚ್ಚ, ದುರಸ್ತಿಯ ಸೌಲಭ್ಯ ಮತ್ತು ಕೈಯ ಅನುಕೂಲ ಇವು ನಾದಕ್ಕಿಂತ ಹೆಚ್ಚು ಕಾರಣವಾಗಿವೆ.

ಕುತ್ತಿಗೆಯ ಹೊಣೆ

ಗಿಟಾರಿನ ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವೆಲ್ಲ ಸೇರಿ ಕುತ್ತಿಗೆಯ ತುದಿಯನ್ನು ಒಡಲಿನತ್ತ ಎಳೆಯುತ್ತವೆ. ಫೆಂಡರ್ ಗಿಟಾರುಗಳಲ್ಲಿರುವ 25.5 ಅಂಗುಲದ ತಂತಿ ಉದ್ದಕ್ಕೆ, ಇಂದು ಹೆಚ್ಚಾಗಿ ಬಳಕೆಯಲ್ಲಿರುವ ತೆಳುವಾದ ತಂತಿಗಳನ್ನು ಹಾಕಿದರೂ ಒಟ್ಟು ಎಳೆತ ಸುಮಾರು 46 ಕಿಲೋಗ್ರಾಂ ತೂಕಕ್ಕೆ ಸಮನಾಗುತ್ತದೆ. ಸಣ್ಣದೊಂದು ಅಕ್ಕಿಮೂಟೆಯಷ್ಟು ಭಾರವನ್ನು ಒಂದು ಅಂಗುಲಕ್ಕೂ ಕಡಿಮೆ ದಪ್ಪದ ಮರ ಹಗಲಿರುಳು ಹೊತ್ತಿರಬೇಕು. ಮರವೊಂದರಿಂದಲೇ ಇದು ಆಗದ ಮಾತಾದ್ದರಿಂದ ಕುತ್ತಿಗೆಯ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಹುದುಗಿಸುತ್ತಾರೆ. ಅದರ ತುದಿಯ ತಿರುಪನ್ನು ಬಿಗಿ ಮಾಡಿದರೆ ಮುಂದಕ್ಕೆ ಬಾಗಿದ ಕುತ್ತಿಗೆ ಹಿಂದಕ್ಕೆ ಸರಿಯುತ್ತದೆ. ತಿರುಪಿನಿಂದ ಹೊಂದಿಸಬಹುದಾದ ಇಂಥ ಸರಳಿಗೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಪಡೆದ ಅಮೆರಿಕದ ಪೇಟೆಂಟ್ 1923ರದು.

ಆದರೆ ಟ್ರಸ್ ರಾಡ್ ಸರಿಪಡಿಸುವುದು ಕುತ್ತಿಗೆಯ ಬಾಗನ್ನು ಮಾತ್ರ. ಕುತ್ತಿಗೆ ಒಡಲಿಗೆ ಯಾವ ಕೋನದಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವುದು ಜೋಡಣೆ. ಆ ಕೋನ ಒಂದು ಡಿಗ್ರಿ ತಪ್ಪಿದರೂ ತಂತಿಗಳನ್ನು ಹೊತ್ತ ಬ್ರಿಡ್ಜ್‌ನ ಬಳಿ ಮೂರು ನಾಲ್ಕು ಮಿಲಿಮೀಟರ್ ಎತ್ತರದ ವ್ಯತ್ಯಾಸವಾಗುತ್ತದೆ. ತಂತಿ ಬೆರಳಿಗೆ ನಿಲುಕುವ ಎತ್ತರವೇ ಒಂದೆರಡು ಮಿಲಿಮೀಟರ್ ಆಗಿರುವಲ್ಲಿ ಇದು ವಾದ್ಯವನ್ನು ನುಡಿಸಲಾಗದಂತೆ ಮಾಡಲು ಸಾಕು.

ಈ ಪ್ರಶ್ನೆ ಗಿಟಾರಿಗೆ ಮಾತ್ರ ಸೇರಿದ್ದಲ್ಲ. ಕೊಡವನ್ನೂ ದಂಡಿಯನ್ನೂ ಒಂದೇ ಹಲಸಿನ ಮರದಿಂದ ಕೊರೆದ ಏಕಾಂಡ ವೀಣೆಗೂ ಬಿಡಿಭಾಗಗಳನ್ನು ಕೂಡಿಸಿ ಮಾಡಿದ ವೀಣೆಗೂ ಇರುವ ಭೇದವನ್ನು ವೈಣಿಕರು ಬಹುಕಾಲದಿಂದ ಎಣಿಸುತ್ತ ಬಂದಿದ್ದಾರೆ. ಮಾರುಕಟ್ಟೆಯಲ್ಲಿ ನೆಲೆಗೊಂಡ ಮೊದಲ ವಿದ್ಯುತ್ ಗಿಟಾರಿನಲ್ಲಿಯೂ ಜೋಡಣೆ ಎಂಬುದೇ ಇರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ರಿಕನ್‌ಬ್ಯಾಕರ್ ಸಂಸ್ಥೆ 1932ರಲ್ಲಿ ಮಾರಾಟಕ್ಕೆ ತಂದ, ತೊಡೆಯ ಮೇಲಿಟ್ಟು ನುಡಿಸುವ ಆ ಗಿಟಾರಿನ ಒಡಲು ಮತ್ತು ಕುತ್ತಿಗೆಗಳನ್ನು ಅಲ್ಯೂಮಿನಿಯಮ್ಮಿನಲ್ಲಿ ಒಂದಾಗಿ ಎರಕ ಹೊಯ್ಯಲಾಗಿತ್ತು. ಆಕಾರದಿಂದಾಗಿ ಅದಕ್ಕೆ ಬಾಣಲೆ ಎಂಬ ಅಡ್ಡಹೆಸರು ಬಂದಿತು. ಅದೇ ಸಂಸ್ಥೆ 1935ರಲ್ಲಿ ಹೊರತಂದ ಬೇಕಲೈಟ್ ಒಡಲಿನ ಗಿಟಾರಿನಲ್ಲಿ ಬಿಚ್ಚಬಹುದಾದ ಕುತ್ತಿಗೆ ಇದ್ದಿತು. ಸ್ಕ್ರೂ ಜೋಡಣೆ ಫೆಂಡರನ ಕಲ್ಪನೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಅದನ್ನು ಜನಪ್ರಿಯಗೊಳಿಸಿದವನು ಫೆಂಡರ್ ಎನ್ನುವುದು ಹೆಚ್ಚು ಸರಿ.

ಸ್ಕ್ರೂ ಜೋಡಣೆ

ಬೋಲ್ಟ್-ಆನ್ ಎಂಬ ಹೆಸರು ಸ್ವಲ್ಪ ದಾರಿತಪ್ಪಿಸುವಂಥದು. ಬಹುತೇಕ ಗಿಟಾರುಗಳಲ್ಲಿ ಬೋಲ್ಟು ನಟ್ಟುಗಳು ಇರುವುದಿಲ್ಲ. ಒಡಲಿನಲ್ಲಿ ಕೊರೆದ ಗೂಡಿನೊಳಗೆ ಕುತ್ತಿಗೆಯ ಬುಡ ಕೂರುತ್ತದೆ. ಹಿಂಬದಿಯಿಂದ ನಾಲ್ಕು ಮರದ ಸ್ಕ್ರೂಗಳು ಲೋಹದ ಫಲಕವೊಂದರ ಮೂಲಕ ಹಾದು ಆ ಬುಡವನ್ನು ಕಚ್ಚಿ ಹಿಡಿಯುತ್ತವೆ. ಇಲ್ಲಿ ಮುಖ್ಯವಾದುದು ಸ್ಕ್ರೂಗಳ ಸಂಖ್ಯೆಯಲ್ಲ, ಗೂಡಿಗೂ ಬುಡಕ್ಕೂ ಇರುವ ಹೊಂದಿಕೆ.

ಲಿಯೋ ಫೆಂಡರ್ (1909–1991) ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ದುರಸ್ತಿ ಅಂಗಡಿ ಇಟ್ಟುಕೊಂಡಿದ್ದವನು. ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ; ಪಿಟೀಲು ತಯಾರಕರ ಪರಂಪರೆಯಿಂದ ಬಂದವನೂ ಅಲ್ಲ. ಕೆಟ್ಟುಹೋದ ಭಾಗವನ್ನು ತೆಗೆದು ಹೊಸದನ್ನು ಹಾಕುವುದು ರೇಡಿಯೋ ರಿಪೇರಿಯವನ ಸಹಜ ಆಲೋಚನೆ. 1950ರಲ್ಲಿ ಬಂದ ಎಸ್ಕ್ವೈರ್ ಮತ್ತು ಬ್ರಾಡ್‌ಕಾಸ್ಟರ್, 1951ರಲ್ಲಿ ಟೆಲಿಕಾಸ್ಟರ್ ಎಂದು ಹೆಸರು ಬದಲಿಸಿಕೊಂಡ ಅದೇ ಗಿಟಾರು, 1954ರ ಸ್ಟ್ರಾಟೊಕಾಸ್ಟರ್ ಇವೆಲ್ಲವೂ ಈ ಆಲೋಚನೆಯ ಫಲ. ಒಡಲುಗಳನ್ನು ಒಂದು ಕಡೆ, ಕುತ್ತಿಗೆಗಳನ್ನು ಇನ್ನೊಂದು ಕಡೆ ತಯಾರಿಸಿ, ಬಣ್ಣ ಬಳಿದು, ಕೊನೆಯಲ್ಲಿ ಬಿಗಿದರಾಯಿತು. ಕುಶಲ ಬಡಗಿಯ ಕೈ ಬೇಕಾದ ಘಟ್ಟ ಬಹಳ ಕಡಿಮೆ. ಕುತ್ತಿಗೆಯ ತಲೆಭಾಗವನ್ನು ಹಿಂದಕ್ಕೆ ಓರೆ ಮಾಡದೆ ಇಟ್ಟುದರಿಂದ ಇಡೀ ಕುತ್ತಿಗೆಯನ್ನು ಚಪ್ಪಟೆಯಾದ ಮೇಪಲ್ ಹಲಗೆಯೊಂದರಿಂದಲೇ ಕತ್ತರಿಸಿ ತೆಗೆಯುವುದು ಸಾಧ್ಯವಾಯಿತು.

ಮೇಪಲ್ ಸಾಕಷ್ಟು ಗಟ್ಟಿ ಮರ, ಅದಕ್ಕೆ ಸರಳು ಬೇಕಿಲ್ಲ ಎಂದು ಫೆಂಡರ್ ಮೊದಲು ನಂಬಿದ್ದನು. 1950ರ ಮೊದಮೊದಲ ಎಸ್ಕ್ವೈರ್‌ಗಳಲ್ಲಿ ಟ್ರಸ್ ರಾಡ್ ಇರಲಿಲ್ಲ. ಆ ನಂಬಿಕೆ ಬಹುಕಾಲ ನಿಲ್ಲಲಿಲ್ಲ. ಅದೇ ವರ್ಷದಲ್ಲಿಯೇ ಸರಳು ಸೇರಿತು. ಅದನ್ನು ಹಿಂಬದಿಯಿಂದ ತೂರಿಸಿ, ಕೊರೆದ ಕಾಲುವೆಯನ್ನು ಕಪ್ಪು ಬಣ್ಣದ ವಾಲ್ನಟ್ ಪಟ್ಟಿಯಿಂದ ಮುಚ್ಚಲಾಗುತ್ತಿತ್ತು. ಹಳೆಯ ಫೆಂಡರ್ ಕುತ್ತಿಗೆಗಳ ಬೆನ್ನಿನ ಮೇಲೆ ಕಾಣುವ ಕಪ್ಪು ಗೆರೆ ಇದೇ. ಈಗ ಅದನ್ನು ಅಂದಕ್ಕಾಗಿ ಮೆಚ್ಚುವವರೂ ಇದ್ದಾರೆ.

ಸ್ಕ್ರೂ ಜೋಡಣೆಯ ದೊಡ್ಡ ಅನುಕೂಲ ಅದು ತಪ್ಪನ್ನು ಕ್ಷಮಿಸುತ್ತದೆ ಎಂಬುದು. ಕೋನ ಸರಿಯಿಲ್ಲದಿದ್ದರೆ ಕುತ್ತಿಗೆಯನ್ನು ಬಿಚ್ಚಿ, ಗೂಡಿನೊಳಗೆ ಕಾಗದದಷ್ಟು ತೆಳುವಾದ ಮರದ ಚಕ್ಕೆಯೊಂದನ್ನು ಇಟ್ಟು ಮತ್ತೆ ಬಿಗಿದರೆ ಕೋನ ಬದಲಾಗುತ್ತದೆ. ಕಾರ್ಖಾನೆಯಲ್ಲಿಯೇ ಹೀಗೆ ಚಕ್ಕೆ ಇಟ್ಟು ಹೊರಬಂದ ಗಿಟಾರುಗಳು ಅಸಂಖ್ಯ. ಕಂಪನಿಯನ್ನು 1965ರಲ್ಲಿ ಸಿಬಿಎಸ್ ಸಂಸ್ಥೆ ಕೊಂಡುಕೊಂಡ ಬಳಿಕ, 1970ರ ದಶಕದ ಆರಂಭದಲ್ಲಿ ಸ್ಟ್ರಾಟೊಕಾಸ್ಟರ್‌ಗೆ ಮೂರು ಸ್ಕ್ರೂಗಳ ಜೋಡಣೆಯೂ, ಕುತ್ತಿಗೆಯನ್ನು ಬಿಚ್ಚದೆಯೇ ಕೋನವನ್ನು ತಿದ್ದುವ ತಿರುಪೊಂದೂ ಬಂದವು. ಉಪಾಯ ಜಾಣತನದ್ದೇ. ಆದರೆ ಆ ಕಾಲದಲ್ಲಿ ಗೂಡುಗಳನ್ನು ಸಡಿಲವಾಗಿ ಕೊರೆಯುತ್ತಿದ್ದುದರಿಂದ ಅನೇಕ ಗಿಟಾರುಗಳ ಕುತ್ತಿಗೆ ಪಕ್ಕಕ್ಕೆ ಜರುಗಿ, ಅಂಚಿನ ತಂತಿ ಬೆರಳುಹಲಗೆಯಿಂದ ಹೊರಕ್ಕೆ ಜಾರುವಂತಾಯಿತು. ಕೆಟ್ಟ ಹೆಸರು ಮಾತ್ರ ಮೂರು ಸ್ಕ್ರೂಗಳಿಗೇ ಅಂಟಿಕೊಂಡಿತು.

ಭಾಗಗಳು ಅದಲುಬದಲಾಗಬಲ್ಲವು ಎಂಬುದರಿಂದ ವಾದಕರಿಗೆ ತಮ್ಮ ವಾದ್ಯವನ್ನು ತಾವೇ ಕೂಡಿಸಿಕೊಳ್ಳುವ ಸ್ವಾತಂತ್ರ್ಯ ದೊರೆಯಿತು. ಎರಿಕ್ ಕ್ಲಾಪ್ಟನ್ 1970ರಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಹಳೆಯ ಸ್ಟ್ರಾಟೊಕಾಸ್ಟರ್‌ಗಳನ್ನು ಕೊಂಡು, ಮೂರನ್ನು ಸ್ನೇಹಿತರಿಗೆ ಕೊಟ್ಟು, ಉಳಿದ ಮೂರರ ಒಳ್ಳೆಯ ಭಾಗಗಳಿಂದ ಒಂದು ಗಿಟಾರನ್ನು ಮಾಡಿಸಿಕೊಂಡನು. ಬ್ಲ್ಯಾಕಿ ಎಂದು ಹೆಸರಾದ ಅದು 2004ರ ಹರಾಜಿನಲ್ಲಿ 9,59,500 ಡಾಲರ್‌ಗೆ ಮಾರಾಟವಾಯಿತು. ಎಡ್ಡಿ ವ್ಯಾನ್ ಹೇಲನ್ ಬಿಡಿಯಾಗಿ ಕೊಂಡ ಒಡಲಿಗೆ ಬಿಡಿಯಾಗಿ ಕೊಂಡ ಕುತ್ತಿಗೆಯನ್ನು ಬಿಗಿದು ಮಾಡಿಕೊಂಡ ಪಟ್ಟೆಪಟ್ಟೆ ಬಣ್ಣದ ಗಿಟಾರು ಇನ್ನೊಂದು ಪ್ರಸಿದ್ಧ ಉದಾಹರಣೆ. ಅಂಟಿನ ಜೋಡಣೆಯಲ್ಲಿ ಇಂಥ ವಾದ್ಯಗಳು ಹುಟ್ಟುವುದು ಸುಲಭವಿರಲಿಲ್ಲ.

ಅಂಟಿನ ಜೋಡಣೆ

ಸೆಟ್-ನೆಕ್ ವಿಧಾನ ಪಿಟೀಲು, ಮ್ಯಾಂಡೊಲಿನ್ ಮತ್ತು ಮರದ ಗಿಟಾರುಗಳ ಹಳೆಯ ಬಡಗಿ ಸಂಪ್ರದಾಯದ ಮುಂದುವರಿಕೆ. ಕುತ್ತಿಗೆಯ ಬುಡದಲ್ಲಿ ನಾಲಗೆಯಂತೆ ಚಾಚಿದ ಭಾಗವೊಂದಿರುತ್ತದೆ. ಒಡಲಿನ ಗೂಡಿನಲ್ಲಿ ಅದನ್ನು ಕೂರಿಸಿ, ಅಂಟು ಹಾಕಿ, ಒಣಗುವವರೆಗೆ ಬಿಗಿಹಿಡಿಯುತ್ತಾರೆ. ಬಾಗಿಲ ಚೌಕಟ್ಟನ್ನು ಕೂಡಿಸುವ ಬಡಗಿಗೆ ಈ ಕೆಲಸ ಪರಿಚಿತವೇ. ಬಣ್ಣ ಮತ್ತು ಮೆರುಗು ಅಂಟಿಸಿದ ಮೇಲೆಯೇ ಆಗಬೇಕು. ಆದ್ದರಿಂದ ಸಮಯವೂ ನುರಿತ ಕೈಗಳೂ ಹೆಚ್ಚು ಬೇಕು.

ಮಿಶಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿದ್ದ ಗಿಬ್ಸನ್ ಕಂಪನಿಗೆ ಅಂಥ ಕೈಗಳಿದ್ದವು. ಅದು 1952ರಲ್ಲಿ ಹೊರತಂದ ಲೆಸ್ ಪಾಲ್ ಮಾದರಿಯಲ್ಲಿ ಮಹಾಗನಿ ಒಡಲಿನ ಮೇಲೆ ಮೇಪಲ್‌ನ ಉಬ್ಬು ಹೊದಿಕೆಯೂ ಅಂಟಿಸಿದ ಮಹಾಗನಿ ಕುತ್ತಿಗೆಯೂ ಇದ್ದವು. ಅಂಟಿನ ಜೋಡಣೆಯಲ್ಲಿ ಕೋನದ ತಪ್ಪು ಎಷ್ಟು ದುಬಾರಿ ಎಂಬುದಕ್ಕೆ ಮೊದಲ ವರ್ಷದ ಈ ಗಿಟಾರುಗಳೇ ಸಾಕ್ಷಿ. ಅವುಗಳ ಕುತ್ತಿಗೆಯ ಕೋನ ತೀರ ಕಡಿಮೆಯಾಗಿ, ತಂತಿಗಳನ್ನು ಬ್ರಿಡ್ಜ್‌ನ ಅಡಿಯಿಂದ ಸುತ್ತಿ ಹಾಯಿಸಬೇಕಾಯಿತು. ಇದರಿಂದ ಬಲಗೈಯ ಅಂಗೈಯನ್ನು ತಂತಿಗಳ ಮೇಲಿಟ್ಟು ಧ್ವನಿಯನ್ನು ಅಡಗಿಸುವ ಪದ್ಧತಿಗೆ ಅವಕಾಶವೇ ಇಲ್ಲದಾಯಿತು. ಫೆಂಡರ್ ಗಿಟಾರಾಗಿದ್ದರೆ ಒಂದು ಮರದ ಚಕ್ಕೆಯಿಂದ ತೀರುತ್ತಿದ್ದ ತೊಂದರೆ ಇದು. ಗಿಬ್ಸನ್ 1953ರಲ್ಲಿ ಕೋನವನ್ನೂ ಬ್ರಿಡ್ಜ್‌ನ ವಿನ್ಯಾಸವನ್ನೂ ಬದಲಿಸಿತು. ಆ ಮೊದಲೇ ಮಾರಾಟವಾದ ಗಿಟಾರುಗಳು ಹಾಗೆಯೇ ಉಳಿದವು.

ನಾಲಗೆಯ ಉದ್ದವೂ ವಾದದ ವಿಷಯ. 1950ರ ದಶಕದ ಲೆಸ್ ಪಾಲ್ ಗಿಟಾರುಗಳಲ್ಲಿ ಅದು ಪಿಕಪ್‌ನ ಗೂಡಿನೊಳಗೂ ಚಾಚಿಕೊಂಡಿರುತ್ತಿತ್ತು; ನಂತರದ ವರ್ಷಗಳಲ್ಲಿ ಮೊಟಕಾಯಿತು. ಸಂಗ್ರಾಹಕರು ಉದ್ದ ನಾಲಗೆಗೆ ಹೆಚ್ಚು ಬೆಲೆ ಕೊಡುತ್ತಾರೆ. ಆದರೆ ಜೋಡಣೆಯ ಬಲ ನಾಲಗೆಯ ಉದ್ದಕ್ಕಿಂತ ಅದು ಗೂಡಿನ ಗೋಡೆಗಳಿಗೆ ಎಷ್ಟು ನಿಕಟವಾಗಿ ತಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಸಂದಿಯನ್ನು ತುಂಬುವ ಅಂಟು ಮರದ ಬದಲಿಯಾಗಲಾರದು.

1961ರಲ್ಲಿ ಗಿಬ್ಸನ್ ಲೆಸ್ ಪಾಲ್ ಮಾದರಿಯನ್ನು ತೆಳುವಾದ, ಎರಡು ಕೊಂಬಿನ ಹೊಸ ರೂಪಕ್ಕೆ ಬದಲಿಸಿತು. ಮುಂದೆ ಎಸ್‌ಜಿ ಎಂದು ಹೆಸರಾದ ಈ ಗಿಟಾರಿನಲ್ಲಿ ಕುತ್ತಿಗೆ ಬಹುತೇಕ ಪೂರ್ತಿಯಾಗಿ ಒಡಲಿನಿಂದ ಹೊರಗಿತ್ತು. ಕೊನೆಯ ಫ್ರೆಟ್‌ವರೆಗೂ ಬೆರಳು ಸರಾಗವಾಗಿ ಹೋಗುತ್ತಿತ್ತು, ಆದರೆ ಜೋಡಣೆಗೆ ಉಳಿದ ಮರ ಕಡಿಮೆಯಾಯಿತು. ಕುತ್ತಿಗೆಯನ್ನು ಸ್ವಲ್ಪ ಒತ್ತಿದರೂ ಶ್ರುತಿ ಅಲುಗುವ ಎಸ್‌ಜಿಗಳು ಇಂದಿಗೂ ಕಾಣಸಿಗುತ್ತವೆ. ಕೆಲವು ವಾದಕರು ಆ ಅಲುಗಾಟವನ್ನೇ ಗಮಕದಂತೆ ಬಳಸಿಕೊಳ್ಳುತ್ತಾರೆ.

ಒಡಲಿನ ಉದ್ದಕ್ಕೂ ಸಾಗುವ ಕುತ್ತಿಗೆ

ನೆಕ್-ಥ್ರೂ ವಿಧಾನದಲ್ಲಿ ತಲೆಭಾಗದಿಂದ ತಂತಿಗಳ ಬುಡದವರೆಗೆ ಒಂದೇ ಮರದ ತುಂಡು, ಅಥವಾ ಉದ್ದುದ್ದನೆಯ ಪಟ್ಟಿಗಳನ್ನು ಒತ್ತಿ ಅಂಟಿಸಿದ ತೊಲೆ ಇರುತ್ತದೆ. ಅದರ ಎರಡು ಪಕ್ಕಗಳಿಗೆ ರೆಕ್ಕೆಗಳಂತೆ ಒಡಲಿನ ಭಾಗಗಳನ್ನು ಅಂಟಿಸುತ್ತಾರೆ. ಪಾಲ್ ಬಿಗ್ಸ್‌ಬಿ 1948ರಲ್ಲಿ ಮರ್ಲ್ ಟ್ರ್ಯಾವಿಸ್‌ಗಾಗಿ ಮಾಡಿಕೊಟ್ಟ ಗಿಟಾರು ಈ ಬಗೆಯದು. ರಿಕನ್‌ಬ್ಯಾಕರ್ 4000 ಬೇಸ್ ಗಿಟಾರು 1957ರಲ್ಲಿ ಈ ವಿಧಾನವನ್ನು ಕಾರ್ಖಾನೆಗೆ ತಂದಿತು.

ಗಿಬ್ಸನ್‌ನ ಫೈರ್‌ಬರ್ಡ್ 1963ರಲ್ಲಿ ಬಂದಿತು. ಅದನ್ನು ರೂಪಿಸಿದವನು ಕಾರುಗಳ ವಿನ್ಯಾಸಕ ರೇ ಡೀಟ್ರಿಕ್. ಮಹಾಗನಿ ಮತ್ತು ವಾಲ್ನಟ್ ಮರಗಳ ಒಂಬತ್ತು ಪಟ್ಟಿಗಳನ್ನು ಕೂಡಿಸಿದ ತೊಲೆ ಅದರ ಬೆನ್ನೆಲುಬು. ಅದು ನೋಡಲು ಸೊಗಸು, ಮಾಡಲು ಕಷ್ಟ. 1965ರಲ್ಲಿಯೇ ಗಿಬ್ಸನ್ ಅದರ ಆಕಾರವನ್ನು ತಿರುವುಮುರುವಾಗಿಸಿ, ಕುತ್ತಿಗೆಯನ್ನು ಮತ್ತೆ ಅಂಟಿನ ಜೋಡಣೆಗೆ ಇಳಿಸಿತು. ವೆಚ್ಚವೇ ಅದಕ್ಕೆ ಮುಖ್ಯ ಕಾರಣ. ಜಪಾನಿನ ಯಮಾಹಾ 1976ರಲ್ಲಿ ತಂದ ಎಸ್‌ಜಿ 2000 ಮಾದರಿಯನ್ನು ಕಾರ್ಲೋಸ್ ಸಂತಾನಾ ನುಡಿಸಿದ್ದರಿಂದ ಈ ವಿಧಾನಕ್ಕೆ ಹೊಸ ಮರ್ಯಾದೆ ದೊರೆಯಿತು. 1980ರ ದಶಕದ ವೇಗದ ವಾದಕರಿಗೆ ಜ್ಯಾಕ್ಸನ್ ಕಂಪನಿಯ ಸೊಲೊಯಿಸ್ಟ್ ಇಷ್ಟವಾಯಿತು.

ಇದರ ನಿಜವಾದ ಗುಣ ಕುತ್ತಿಗೆಯ ಬುಡದಲ್ಲಿದೆ. ಅಲ್ಲಿ ಫಲಕವೂ ಇಲ್ಲ, ಸ್ಕ್ರೂಗಳೂ ಇಲ್ಲ, ಅಂಟಿನ ಗೂಡಿಗೆ ಬೇಕಾದ ದಪ್ಪವೂ ಇಲ್ಲ. ಆದ್ದರಿಂದ ಮರವನ್ನು ಎಷ್ಟು ಬೇಕಾದರೂ ನಯವಾಗಿ ಇಳಿಜಾರು ಮಾಡಬಹುದು. ಮೇಲಿನ ಫ್ರೆಟ್‌ಗಳ ಕಡೆಗೆ ಹೋಗುವ ಕೈಗೆ ತಡೆಯೇ ಇರುವುದಿಲ್ಲ.

ನಾದದ ವಿವಾದ

ಬೋಲ್ಟ್-ಆನ್ ಗಿಟಾರಿಗೆ ಮೊನಚಾದ, ಚುರುಕಾದ ಧ್ವನಿ. ಸೆಟ್-ನೆಕ್ ಗಿಟಾರಿಗೆ ತುಂಬಿದ, ಬೆಚ್ಚಗಿನ ಧ್ವನಿ. ನೆಕ್-ಥ್ರೂ ಗಿಟಾರಿಗೆ ಬಹುಕಾಲ ಉಳಿಯುವ ಧ್ವನಿ. ಈ ಹಂಚಿಕೆ ಮಾರಾಟದ ಕ್ಯಾಟಲಾಗುಗಳಲ್ಲಿಯೂ ವಾದಕರ ಮಾತುಗಳಲ್ಲಿಯೂ ಪದೇ ಪದೇ ಕಾಣುತ್ತದೆ. ಇದು ಹುಟ್ಟಿದ್ದು ಬಹುಮಟ್ಟಿಗೆ ಸ್ಟ್ರಾಟೊಕಾಸ್ಟರ್ ಮತ್ತು ಲೆಸ್ ಪಾಲ್ ಗಿಟಾರುಗಳ ಹೋಲಿಕೆಯಿಂದ. ಆದರೆ ಆ ಎರಡು ಗಿಟಾರುಗಳು ಜೋಡಣೆಯಲ್ಲಿ ಮಾತ್ರ ಭಿನ್ನವಲ್ಲ. ಒಂದರ ತಂತಿ ಉದ್ದ 648 ಮಿಲಿಮೀಟರ್, ಇನ್ನೊಂದರದು ಸುಮಾರು 628. ಒಂದರ ಕುತ್ತಿಗೆ ಮೇಪಲ್, ಇನ್ನೊಂದರದು ಮಹಾಗನಿ. ಒಂದರಲ್ಲಿ ಒಂಟಿ ಸುರುಳಿಯ ಪಿಕಪ್‌ಗಳಿದ್ದರೆ ಇನ್ನೊಂದರಲ್ಲಿ 1957ರಿಂದ ಜೋಡಿ ಸುರುಳಿಯ ಹಂಬಕರ್‌ಗಳು. ಬ್ರಿಡ್ಜ್ ಬೇರೆ, ತೂಕ ಬೇರೆ. ಇವೆರಡನ್ನು ಕೇಳಿ ಜೋಡಣೆಯ ಗುಣವನ್ನು ಹೇಳುವುದು, ಒಂದು ಮಾವಿನ ಮರವನ್ನೂ ಒಂದು ಹಲಸಿನ ಮರವನ್ನೂ ನೋಡಿ ಗೊಬ್ಬರದ ಗುಣವನ್ನು ತೀರ್ಮಾನಿಸಿದಂತೆ.

ತಂತಿಯ ಕಂಪನ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಅದರ ಶಕ್ತಿ ಎಲ್ಲಿ ಸೋರಿಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಸ್ವಲ್ಪ ಗಾಳಿಗೆ, ಸ್ವಲ್ಪ ತಂತಿಯ ಒಳಗಿನ ಘರ್ಷಣೆಗೆ, ಉಳಿದದ್ದು ಎರಡು ತುದಿಗಳ ಆಸರೆಗೆ. ನುಡಿಸಿದ ಸ್ವರದ ಕಂಪನಕ್ಕೂ ಕುತ್ತಿಗೆಯ ಸ್ವಂತ ಕಂಪನಕ್ಕೂ ತಾಳೆಯಾದರೆ ಕುತ್ತಿಗೆ ತಾನೂ ನಡುಗಿ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಆ ಸ್ವರ ಬೇಗ ಆರಿಹೋಗುತ್ತದೆ. ವಾದಕರು ಇಂಥ ಜಾಗಗಳನ್ನು ಡೆಡ್ ಸ್ಪಾಟ್ ಎನ್ನುತ್ತಾರೆ. ಜರ್ಮನಿಯ ಸಂಶೋಧಕರಾದ ಹೆಲ್ಮುಟ್ ಫ್ಲೈಶರ್ ಮತ್ತು ಟಿಲ್ಮನ್ ಟ್ಸ್‌ವಿಕರ್ 1990ರ ದಶಕದ ಕೊನೆಯಲ್ಲಿ ಕುತ್ತಿಗೆಗಳ ಕಂಪನವನ್ನು ಅಳೆದು, ಈ ಜಾಗಗಳಿಗೆ ಕುತ್ತಿಗೆಯ ಚಲನೆಯೇ ಕಾರಣ ಎಂದು ತೋರಿಸಿದರು. ಕುತ್ತಿಗೆಯ ಉದ್ದ, ದಪ್ಪ, ಮರದ ಬಿಗಿತ, ತಲೆಭಾಗದ ತೂಕ ಎಲ್ಲವೂ ಇದರಲ್ಲಿ ಪಾಲ್ಗೊಳ್ಳುತ್ತವೆ. ತಲೆಭಾಗಕ್ಕೆ ಸಣ್ಣ ತೂಕವೊಂದನ್ನು ಸಿಕ್ಕಿಸಿದರೆ ಡೆಡ್ ಸ್ಪಾಟ್ ಬೇರೆ ಸ್ವರಕ್ಕೆ ಸರಿಯುವುದುಂಟು.

ಜೋಡಣೆಯನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿದವರು ವಿರಳ. ವಾದ್ಯ ತಯಾರಕ ಆರ್. ಎಂ. ಮಟ್ಟೋಲಾ 2007ರಲ್ಲಿ ‘ಅಮೆರಿಕನ್ ಲೂಥರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ, ಸ್ಕ್ರೂ ಜೋಡಣೆಯಲ್ಲಿ ಧ್ವನಿ ಬೇಗ ಆರುತ್ತದೆ ಎಂಬ ಜನಪ್ರಿಯ ನಂಬಿಕೆಯನ್ನು ಸಮರ್ಥಿಸಲಿಲ್ಲ. ಚೆನ್ನಾಗಿ ಹೊಂದಿಸಿ ಬಿಗಿದ ಯಾವ ಜೋಡಣೆಯೂ ನಾದಕ್ಕೆ ಅಡ್ಡಿಯಾಗುವುದಿಲ್ಲವೆಂದೂ, ಸಡಿಲವಾದ ಯಾವ ಜೋಡಣೆಯೂ ಒಳ್ಳೆಯದಲ್ಲವೆಂದೂ ಹೇಳುವಷ್ಟಕ್ಕೆ ಈವರೆಗಿನ ತಿಳಿವಳಿಕೆ ಆಧಾರ ಕೊಡುತ್ತದೆ. ಧ್ವನಿ ಉಳಿಯುವುದೆಂಬ ಕಾರಣಕ್ಕಾಗಿಯೇ ನೆಕ್-ಥ್ರೂ ಗಿಟಾರಿಗೆ ಹೆಚ್ಚು ಹಣ ಕೊಡುವುದಕ್ಕೆ ಅದು ಆಧಾರವಾಗುವುದಿಲ್ಲ.

ವಾದಕರ ಒಲವು

ನಾದದ ಭೇದ ಇಷ್ಟು ಸೂಕ್ಷ್ಮವಾಗಿದ್ದರೂ ವಾದಕರ ಒಲವು ಹುಸಿಯೇನಲ್ಲ. ಕೈಗೆ ತಿಳಿಯುವ ಭೇದಗಳು ಸ್ಪಷ್ಟ. ಹಳೆಯ ಮಾದರಿಯ ಫೆಂಡರ್‌ಗಳಲ್ಲಿ ಕುತ್ತಿಗೆಯ ಬುಡ ಚೌಕಾಕಾರದ ಗಡ್ಡೆಯಂತಿದ್ದು, ಹದಿನೇಳನೆಯ ಫ್ರೆಟ್ ದಾಟಿದ ಮೇಲೆ ಅಂಗೈಗೆ ಒತ್ತುತ್ತದೆ. ತಾಳ ಹಿಡಿದು ಸ್ವರಮೇಳಗಳನ್ನು ನುಡಿಸುವವರಿಗೆ ಇದು ಲೆಕ್ಕಕ್ಕಿಲ್ಲ. ಮೇಲಿನ ಸ್ಥಾಯಿಯಲ್ಲಿ ಒಂಟಿ ತಂತಿಯ ಮೇಲೆ ಓಡಾಡುವವರಿಗೆ ಇದೇ ಮುಖ್ಯ. ಇಬಾನೆಜ್ ಮುಂತಾದ ಕಂಪನಿಗಳು ಸ್ಕ್ರೂ ಜೋಡಣೆಯನ್ನು ಉಳಿಸಿಕೊಂಡೇ ಬುಡವನ್ನು ಉರುಟಾಗಿ ತೆಳುಗೊಳಿಸಿ ಈ ದೂರನ್ನು ಬಹುಮಟ್ಟಿಗೆ ನೀಗಿಸಿವೆ.

ಕುತ್ತಿಗೆಯ ಬೆನ್ನಿನ ಆಕಾರ ಮತ್ತು ಬೆರಳುಹಲಗೆಯ ಉಬ್ಬು ಜೋಡಣೆಗಿಂತಲೂ ಹೆಚ್ಚಾಗಿ ಒಲವನ್ನು ನಿರ್ಧರಿಸುತ್ತವೆ. ಹಳೆಯ ಫೆಂಡರ್ ಬೆರಳುಹಲಗೆಯ ಉಬ್ಬು 7.25 ಅಂಗುಲ ತ್ರಿಜ್ಯದ ವೃತ್ತದ ಭಾಗ; ಗಿಬ್ಸನ್‌ನದು 12 ಅಂಗುಲ, ಅಂದರೆ ಹೆಚ್ಚು ಚಪ್ಪಟೆ. ಬ್ರಯನ್ ಮೇ 1963ರಿಂದ ತಂದೆಯೊಡನೆ ಮನೆಯಲ್ಲಿಯೇ ಮಾಡಿದ ಗಿಟಾರಿನ ಕುತ್ತಿಗೆಯನ್ನು ಹಳೆಯ ಅಗ್ಗಿಷ್ಟಿಕೆಯೊಂದರ ಮಹಾಗನಿ ಹಲಗೆಯಿಂದ ಕೆತ್ತಿದನು. ಇತರರ ಕೈಗೆ ಅದು ತೀರ ದಪ್ಪವೆನಿಸುತ್ತದೆ. ಅವನ ಕೈ ಅದಕ್ಕೇ ಒಗ್ಗಿದೆ. ಎಸ್. ರಾಮನಾಥನ್ ಅವರಲ್ಲಿ ವೀಣೆಯನ್ನು ಅಭ್ಯಾಸ ಮಾಡಿದ ಜಾನ್ ಮೆಕ್‌ಲಾಫ್ಲಿನ್, ‘ಶಕ್ತಿ’ ತಂಡದಲ್ಲಿ ನುಡಿಸಿದ ಮರದ ಗಿಟಾರಿನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ತಗ್ಗು ಮಾಡಿಸಿದ್ದರು. ವೀಣೆಯ ಮೆಟ್ಟಿಲುಗಳ ಮೇಲೆಳೆದಂತೆ ತಂತಿಯನ್ನು ಎಳೆದು ಗಮಕ ತರಲು ಅದು ನೆರವಾಗುತ್ತಿತ್ತು.

ಕಂಪನಿಗಳೂ ಒಂದೇ ವಿಧಾನಕ್ಕೆ ಕಟ್ಟುಬಿದ್ದಿಲ್ಲ. ಗಿಬ್ಸನ್ 1970ರ ದಶಕದಲ್ಲಿ ಮರಾಡರ್ ಎಂಬ ಬೋಲ್ಟ್-ಆನ್ ಗಿಟಾರನ್ನು ಮಾಡಿತು. ಅಂಟಿನ ಜೋಡಣೆಗೆ ಹೆಸರಾದ ಪಾಲ್ ರೀಡ್ ಸ್ಮಿತ್ ಕಂಪನಿ 2018ರಲ್ಲಿ ಜಾನ್ ಮೇಯರ್‌ಗಾಗಿ ತಂದ ಸಿಲ್ವರ್ ಸ್ಕೈ ಮಾದರಿಯ ಕುತ್ತಿಗೆ ಸ್ಕ್ರೂಗಳಿಂದಲೇ ಬಿಗಿದದ್ದು.

ಬೆರಳುಹಲಗೆಗೆ ಬಳಸುವ ಬೀಟೆ ಮರದ ಮೂಲಕ ಪಶ್ಚಿಮ ಘಟ್ಟಗಳಿಗೂ ಈ ವಾದ್ಯಕ್ಕೂ ನಂಟಿದೆ. ಅಮೆರಿಕದ ಕಂಪನಿಗಳು ಮೊದಲು ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದವು. 1960ರ ದಶಕದ ನಡುವಿನಿಂದ ಕೊಡಗು, ಮಲೆನಾಡುಗಳಲ್ಲಿಯೂ ಬೆಳೆಯುವ ಭಾರತದ ಬೀಟೆ ಅದರ ಜಾಗವನ್ನು ತುಂಬಿತು. 2017ರ ಜನವರಿಯಲ್ಲಿ ಈ ಕುಲದ ಎಲ್ಲ ಮರಗಳ ವ್ಯಾಪಾರವೂ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟಾಗ ಹಲವು ಕಂಪನಿಗಳು ಬೇರೆ ಮರಗಳತ್ತ ಹೊರಳಿದವು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತಿದೆ.

ಮುರಿತ ಮತ್ತು ದುರಸ್ತಿ

ಮೂರು ವಿಧಾನಗಳ ಭೇದ ಅತ್ಯಂತ ಖಚಿತವಾಗಿ ಕಾಣುವುದು ವಾದ್ಯ ಕೆಟ್ಟಾಗ. ಬೋಲ್ಟ್-ಆನ್ ಗಿಟಾರಿನ ಕುತ್ತಿಗೆ ತಿರುಚಿಕೊಂಡರೆ ಅಥವಾ ಮುರಿದರೆ ನಾಲ್ಕು ಸ್ಕ್ರೂ ಬಿಚ್ಚಿ ಹೊಸದನ್ನು ಹಾಕಬಹುದು. ಸ್ಕ್ರೂಡ್ರೈವರ್ ಹಿಡಿಯಬಲ್ಲ ಯಾರಾದರೂ ಮಾಡಬಹುದಾದ ಕೆಲಸ. ಪದೇ ಪದೇ ಬಿಚ್ಚಿದರೆ ಮರದಲ್ಲಿನ ಸ್ಕ್ರೂ ತೂತುಗಳು ಸಡಿಲವಾಗುತ್ತವೆ ಎಂಬುದಷ್ಟೇ ಎಚ್ಚರಿಕೆ. ಅಂತಹ ತೂತುಗಳನ್ನು ಗಟ್ಟಿ ಮರದ ಕಡ್ಡಿಯಿಂದ ಅಂಟು ಹಾಕಿ ಮುಚ್ಚಿ ಮತ್ತೆ ಕೊರೆಯುತ್ತಾರೆ.

ಗಿಬ್ಸನ್ ಮಾದರಿಯ ಗಿಟಾರುಗಳು ಮುರಿಯುವುದು ಸಾಮಾನ್ಯವಾಗಿ ಜೋಡಣೆಯಲ್ಲಲ್ಲ, ತಲೆಭಾಗ ಕುತ್ತಿಗೆಯನ್ನು ಸೇರುವಲ್ಲಿ. ತಲೆಭಾಗ 17 ಡಿಗ್ರಿಯಷ್ಟು ಹಿಂದಕ್ಕೆ ಬಾಗಿರುವುದರಿಂದ ಅಲ್ಲಿ ಮರದ ನಾರುಗಳು ಅಡ್ಡ ಕತ್ತರಿಸಿಹೋಗಿರುತ್ತವೆ. ಟ್ರಸ್ ರಾಡಿನ ತಿರುಪಿಗಾಗಿ ಅಲ್ಲಿಯೇ ಮರವನ್ನು ಕೊರೆದಿರುವುದರಿಂದ ಬಲ ಇನ್ನೂ ಕುಗ್ಗುತ್ತದೆ. ನಿಲ್ಲಿಸಿಟ್ಟ ಗಿಟಾರು ಬೆನ್ನ ಮೇಲೆ ಬಿದ್ದರೆ ಸಾಕು. ಕಂಪನಿಯೇ 1960ರ ದಶಕದ ನಡುವೆ ಕೋನವನ್ನು 14 ಡಿಗ್ರಿಗೆ ಇಳಿಸಿ, ಆ ದಶಕದ ಕೊನೆಗೆ ಹಿಂಬದಿಯಲ್ಲಿ ಮರದ ಉಬ್ಬೊಂದನ್ನು ಸೇರಿಸಿತ್ತು. ಹಳೆಯ ರೂಪವನ್ನು ಬಯಸುವ ಗ್ರಾಹಕರಿಗಾಗಿ ಮುಂದೆ ಎರಡನ್ನೂ ಹಿಂತೆಗೆದುಕೊಂಡಿತು. ಶುದ್ಧವಾಗಿ ಮುರಿದ ಮರವನ್ನು ಅಂಟಿಸಿದರೆ ಗಿಟಾರು ದಶಕಗಳ ಕಾಲ ಬಾಳುತ್ತದೆ. ಮಾರಾಟದ ಬೆಲೆ ಮಾತ್ರ ಬಹಳ ಕುಸಿಯುತ್ತದೆ. ಸಂಗ್ರಹಕ್ಕಲ್ಲದೆ ನುಡಿಸುವುದಕ್ಕಾಗಿ ಕೊಳ್ಳುವವರಿಗೆ ಇದು ಲಾಭವೇ. ಅಂಟಿಸಿದ ಕುತ್ತಿಗೆಯನ್ನೇ ತೆಗೆಯಬೇಕಾದರೆ ಬಿಸಿ ಮತ್ತು ಹಬೆಯಿಂದ ಅಂಟನ್ನು ಮೃದುಗೊಳಿಸಬೇಕು. ಬಣ್ಣ ಹಾಳಾಗದಂತೆ ಅದನ್ನು ಮಾಡಬಲ್ಲವರು ಕೆಲವರೇ.

ನೆಕ್-ಥ್ರೂ ಗಿಟಾರಿನಲ್ಲಿ ಬಿಚ್ಚುವುದಕ್ಕೆ ಏನೂ ಇಲ್ಲ. ಕುತ್ತಿಗೆ ತಿರುಚಿಕೊಂಡರೆ ಫ್ರೆಟ್‌ಗಳನ್ನು ಕಿತ್ತು ಬೆರಳುಹಲಗೆಯನ್ನು ಹತ್ತರಿ ಹೊಡೆದು ಸಮಮಾಡಬಹುದು, ಅಥವಾ ಬೆರಳುಹಲಗೆಯನ್ನೇ ಎಬ್ಬಿಸಿ ಹೊಸದನ್ನು ಅಂಟಿಸಬಹುದು. ತಿರುಚು ಅದಕ್ಕೂ ಮೀರಿದ್ದರೆ ಇಡೀ ತೊಲೆಯನ್ನು ಬದಲಿಸಬೇಕು, ಎಂದರೆ ಹೊಸ ಗಿಟಾರನ್ನೇ ಮಾಡಬೇಕು. ಆದ್ದರಿಂದಲೇ ಎಚ್ಚರದ ತಯಾರಕರು ನಾರಿನ ದಿಕ್ಕು ಪರಸ್ಪರ ವಿರುದ್ಧವಾಗಿರುವ ಮೂರು, ಐದು ಅಥವಾ ಅದಕ್ಕೂ ಹೆಚ್ಚು ಪಟ್ಟಿಗಳನ್ನು ಕೂಡಿಸಿ ತೊಲೆಯನ್ನು ಮಾಡುತ್ತಾರೆ. ಒಂದು ಪಟ್ಟಿ ಬಾಗಲೆಳಸುವ ಕಡೆಗೆ ಪಕ್ಕದ ಪಟ್ಟಿ ಬಿಡುವುದಿಲ್ಲ. ಹಳೆಯ ನೆಕ್-ಥ್ರೂ ಗಿಟಾರನ್ನು ಕೊಳ್ಳುವವರು ತಲೆಭಾಗದ ಕಡೆಯಿಂದ ಕುತ್ತಿಗೆಯ ಉದ್ದಕ್ಕೆ ಕಣ್ಣು ಹಾಯಿಸಿ, ಎರಡು ಅಂಚುಗಳೂ ಸಮವಾಗಿ ಓಡುತ್ತವೆಯೇ ಎಂದು ಮೊದಲು ನೋಡುವುದು ಈ ಕಾರಣದಿಂದ.